ಚಂಡೆಗೂ 11 ತಿಂಗಳ ಕರಾರು

ಮುಂಬಯಿ ಪಕ್ಕದ ಮುಂಬ್ರಾದಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಚಂಡೆ ಕಲಿಯಲು ಅಷ್ಟು ಸಾಲದು; ನೆರೆಯವರ ತಾಳ್ಮೆ ಮುಗಿಯಲು ಧಾರಾಳ ಸಾಕು. ಯಕ್ಷಗಾನದ ಹುಚ್ಚನ್ನು ಕರಾವಳಿಯಿಂದ ಠಾಣೆ, ಡೊಂಬಿವಲಿ ಕಡೆಗೆ ಹೊತ್ತುತಂದ ಕನ್ನಡಿಗರಿಗೆ ಇದು ಹಳೆಯ ಸಂಕಟ. ಬಯಲಲ್ಲಿ ಇರುಳಿಡೀ ಕೇಳಲೆಂದೇ ಹುಟ್ಟಿದ ವಾದ್ಯ, ಒನ್ ರೂಮ್ ಕಿಚನ್‌ನಲ್ಲಿ ಕೂತು ಮೆತ್ತಗಾಗು ಎಂದರೆ ಆದೀತೆ?

ಮೊದಲ ಉಪಾಯ ಎಲ್ಲರದೂ ಒಂದೇ: ಮೊಟ್ಟೆಯ ಟ್ರೇ. ಅಂಗಡಿಯವನನ್ನು ಕಾಡಿಬೇಡಿ ತಂದು ಗೋಡೆತುಂಬ ಅಂಟಿಸುತ್ತಾರೆ. ಕೋಣೆಯೊಳಗಿನ ಮಾರ್ದನಿ ಕೊಂಚ ತಗ್ಗುತ್ತದೆ. ನುಡಿಸುವವನಿಗೆ ತನ್ನ ಕೈ ಪಳಗಿತೆಂಬ ಭ್ರಮೆ ಹುಟ್ಟುತ್ತದೆ. ಪಕ್ಕದ ಮನೆಗೆ ಮಾತ್ರ ಒಂದು ಪೆಟ್ಟೂ ತಪ್ಪುವುದಿಲ್ಲ. ಸದ್ದನ್ನು ತಡೆಯುವುದು ಭಾರ. ಗೋಡೆಯ ತೂಕ ಇಮ್ಮಡಿಯಾದರೂ ಇಳಿಯುವುದು ಹೆಚ್ಚೆಂದರೆ 6 ಡೆಸಿಬಲ್. ಇನ್ನೊಂದು ಇಟ್ಟಿಗೆ ಗೋಡೆ ಕಟ್ಟಲೇ ಎಂದು ಕೇಳಿದರೆ ಮಾಲೀಕರು ಡಿಪಾಸಿಟ್ಟಿನ ನೆನಪು ಮಾಡುತ್ತಾರೆ.

ಅಗ್ಗದ ಮದ್ದು ಬಾಗಿಲಲ್ಲಿದೆ. ಅದರಡಿಯ ಬೆರಳಗಲದ ಸಂದಿಗೆ ರಬ್ಬರ್ ಪಟ್ಟಿ, ನೆಲಕ್ಕೆ ದಪ್ಪ ಹಾಸು, ನೆರೆಯ ಗೋಡೆಗೆ ಒತ್ತಿ ಪುಸ್ತಕ ತುಂಬಿದ ಕಪಾಟು. ಕಿಟಕಿಯನ್ನೂ ಮುಚ್ಚಿದರೆ ಫ್ಯಾನೂ ಸೋಲುವ ಸೆಕೆ, ಅದು ಬೇರೆ ಮಾತು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಹಳಿಯ ಪಕ್ಕದ ಮನೆಗಳಲ್ಲಿ ಕೂತರೆ ಲೋಕಲ್ ಗಾಡಿಗಳು ಇದನ್ನು ಓದಿದಂತೆ ಕಾಣುವುದಿಲ್ಲ. ರೈಲಿನ ಮೇಲೆ ಸೊಸೈಟಿಯ ಸೆಕ್ರೆಟರಿಗೆ ಯಾರೂ ದೂರು ಕೊಡುವುದಿಲ್ಲವಲ್ಲ! ಜಾಣ ಶಿಷ್ಯರು ಜೋರಿನ ಪೆಟ್ಟುಗಳನ್ನೆಲ್ಲ ಗಾಡಿ ಬರುವ ಹೊತ್ತಿಗೇ ಕಾದಿಟ್ಟುಕೊಳ್ಳುತ್ತಾರೆ.