ಆಪ್ತಸಮಾಲೋಚಕರ ಆಯ್ಕೆಯಲ್ಲಿ ವಧುಪರೀಕ್ಷೆಯ ಕ್ರಮ

ಔಷಧ ಬರೆದುಕೊಡುವ ಅಧಿಕಾರವುಳ್ಳ ಮನೋವೈದ್ಯರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆದು ಮಾತಿನ ಮೂಲಕ ಚಿಕಿತ್ಸೆ ನೀಡುವ ಚಿಕಿತ್ಸಾ ಮನೋವಿಜ್ಞಾನಿಗಳು, ಬಾಗಿಲಿಗೆ ಫಲಕ ತೂಗುಹಾಕಿದೊಡನೆ ಅರ್ಹರಾಗಿಬಿಡುವ ಕೆಲವು ಆಪ್ತಸಮಾಲೋಚಕರು, ಈ ಮೂವರ ನಡುವಣ ವ್ಯತ್ಯಾಸವನ್ನು ಕುಟುಂಬಗಳು ವಿಚಾರಿಸುವುದು ವಿರಳವಾದ್ದರಿಂದ, ಬಸವನಗುಡಿಯ ತಂದೆಯೊಬ್ಬರಿಗೂ ನಿದ್ದೆಗೆಟ್ಟ ಮಗನಿಗೂ ನಡೆಯಬಹುದಾದ ಸಂವಾದವನ್ನು ಹೀಗೆ ಊಹಿಸಬಹುದು.

“ನಿಮ್ಹಾನ್ಸ್ ಬೇಡಪ್ಪ. ಗೇಟಿನ ಹತ್ತಿರ ಯಾರಾದರೂ ಕಂಡರೆ ನಿನ್ನ ತಂಗಿಯ ಸಂಬಂಧ ತಪ್ಪಿಹೋಗುತ್ತದೆ.”

“ಪಕ್ಕದ ರಸ್ತೆಯಲ್ಲೇ ಒಬ್ಬರಿದ್ದಾರೆ ಅಪ್ಪ, ನೋಂದಣಿಯೂ ಇದೆ.”

“ಅದಿರಲಿ, ಯಾವ ಪೈಕಿಯವರು?”

“ಅರಿವು-ವರ್ತನಾ ಚಿಕಿತ್ಸೆಯ ಪೈಕಿ.”

ಯೋಚನೆಯ ಹಳೆಯ ಚಾಳಿಗಳನ್ನು ಗುರುತಿಸಿ, ವಾರವಾರವೂ ಮನೆಪಾಠ ಕೊಟ್ಟು ತಿದ್ದುವ ಈ ಪದ್ಧತಿಯನ್ನು ತಂದೆಯವರು ಯಾವುದೋ ಉಪಪಂಗಡವೆಂದೇ ಭಾವಿಸಿದರೆಂಬುದನ್ನು ಇಲ್ಲಿ ಗಮನಿಸಬೇಕು.

“ಕೇಳಿದ ಹೆಸರಲ್ಲ. ಫೀಸು?”

“ಒಂದು ಸಲಕ್ಕೆ ಸಾವಿರದ ಮೇಲೆ.”

“ಬರೀ ಮಾತಿಗೆ? ನಿನ್ನ ಚಿಕ್ಕಪ್ಪ ಬಿಟ್ಟಿಯಾಗಿ ದಿನವಿಡೀ ಮಾತಾಡುತ್ತಾನೆ!”

“ನಿದ್ದೆ ಕೆಟ್ಟದ್ದೇ ಅದರಿಂದ. ಬಿಟ್ಟಿಯೇ ಬೇಕೆಂದರೆ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.”

ತಂದೆಯವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿದರು.

“ಮಾಡು, ಅಡ್ಡಿಯಿಲ್ಲ. ಅಪ್ಪನ ವಿಷಯ ಮಾತ್ರ ಎತ್ತಕೂಡದು.”