ಲಾಬಿ ಮೀಮಾಂಸೆ: ದಿಂಡಿಗಲ್–ಕುಮಳಿ ಹೆದ್ದಾರಿಯ ಬೃಹತ್ ಹೋಟೆಲುಗಳ ಒಳಾಂಗಣ ಸೂತ್ರಗಳು, ಭಾಷ್ಯಸಹಿತ

ಶಾಸ್ತ್ರಗ್ರಂಥಕ್ಕೆ ಮೊದಲು ಎಲ್ಲೆ ಬೇಕು. ಈ ಗ್ರಂಥದ ಎಲ್ಲೆ ಹೀಗಿದೆ: ಬಡಗಣ ತುದಿಗೆ ದಿಂಡಿಗಲ್ಲಿನ ಬಂಡೆಕೋಟೆ, ತೆಂಕಣ ತುದಿಗೆ ಕುಮಳಿಯ ಘಾಟಿ, ನಡುವೆ ವತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳೆಯಂ, ಕಂಬಂ, ಗೂಡಲೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 183. ಈ ರಸ್ತೆಯ ಬದಿಗೆ ಗಾಜು ಮತ್ತು ಎಸಿಪಿ ಶೀಟು ಹೊದ್ದು ನಿಂತ, ಎದುರಿಗೆ ಟೂರಿಸ್ಟ್ ಬಸ್ಸು ತಿರುಗುವಷ್ಟು ಅಂಗಳವುಳ್ಳ, ಒಳಗೆ ಮದುವೆ ಹಾಲ್, ಮೀಟಿಂಗ್ ಹಾಲ್, ಸಸ್ಯಾಹಾರಕ್ಕೊಂದು ಬಿರಿಯಾನಿಗೊಂದು ಊಟದ ಹಾಲ್ ಇರುವ ಕಟ್ಟಡಕ್ಕೆ ಈ ಗ್ರಂಥದಲ್ಲಿ ‘ಬೃಹತ್ ಆಧುನಿಕ ಹೋಟೆಲ್’ ಎಂಬ ಸಂಜ್ಞೆ. ಅಂಥ ಹಲವನ್ನು ಕಲಸಿ ಒಂದು ಮಾಡಿ ‘ಹೋಟೆಲ್ ಕ್ಷ’ ಎಂದು ಕರೆದಿದ್ದೇನೆ. ಒಂದರ ಹೆಸರು ಹೇಳಿದ್ದರೆ ಉಳಿದವರೆಲ್ಲ ನಮ್ಮ ಲಾಬಿಯನ್ನೇ ಬಣ್ಣಿಸಿ ಪಕ್ಕದವನಿಗೆ ಕೀರ್ತಿ ಕೊಟ್ಟಿದ್ದಾನೆ ಎಂದು ದಾವೆ ಹೂಡುತ್ತಿದ್ದರು.

ತಮಿಳುನಾಡಿನ ಹೋಟೆಲಿಗೆ ಕನ್ನಡದಲ್ಲಿ ಶಾಸ್ತ್ರ ಬರೆಯಲು ನಿನಗೇನು ಅಧಿಕಾರ ಎಂಬುದು ಪೂರ್ವಪಕ್ಷ. ಸಮಾಧಾನ: 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ಲಿಗೆ ಬಂದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಆ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಕಂದಾಯ ವಸೂಲಿ ಮಾಡುವ ಹಕ್ಕು ಹೋಯಿತು. ಕೊಂಕು ತೆಗೆಯುವ ಹಕ್ಕನ್ನು ಒಪ್ಪಂದದಲ್ಲಿ ಯಾರೂ ಕೇಳಲಿಲ್ಲ, ಆದ್ದರಿಂದ ಅದು ನಮ್ಮಲ್ಲೇ ಉಳಿದಿದೆ. ಅದೂ ಸಾಲದೆಂದರೆ, ಕಂಬಂ ಕಣಿವೆಯಲ್ಲಿ ಕಪ್ಪಿಲಿಯರೆಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ಕಾರ್ತಿಕ ಬಂತೆಂದರೆ ಶಬರಿಮಲೆಗೆ ಹೊರಟ ನಮ್ಮ ಕಡೆಯ ಸ್ವಾಮಿಗಳು ಈ ರಸ್ತೆಯಲ್ಲೇ ಹೋಗುತ್ತಾರೆ. ಆದರೆ ಅವರು ನೆಲದ ಮೇಲೆ ಚಾಪೆ ಹಾಸಿ ಮಲಗುವ ವ್ರತದಲ್ಲಿರುವುದರಿಂದ ಒಳಾಂಗಣದ ವಿಷಯದಲ್ಲಿ ಅವರ ಸಾಕ್ಷ್ಯವನ್ನು ಸ್ವೀಕರಿಸಿಲ್ಲ.

ಸೂತ್ರ: ಊರನ್ನು ಬಾಗಿಲಲ್ಲೇ ಬಿಡತಕ್ಕದ್ದು.

ಇದು ಮಹಾಸೂತ್ರ, ಉಳಿದವೆಲ್ಲ ಇದರ ಟಿಸಿಲು. ಕಂಬಂ ಕಣಿವೆಯಲ್ಲಿ ಎತ್ತ ತಿರುಗಿದರೂ ಬೆಟ್ಟ. ಪಡುವಣಕ್ಕೆ ಏಲಕ್ಕಿ ಮಲೆ, ಮೂಡಣಕ್ಕೆ ಮೇಘಮಲೆ. ಇಂಥ ಊರಿನಲ್ಲಿ ಹೋಟೆಲ್ ಕಟ್ಟುವವನ ಮುಂದಿರುವ ಮೊದಲ ತೊಡಕು, ಬಂದವರ ಕಣ್ಣಿಗೆ ಬೆಟ್ಟ ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದು. ಹೋಟೆಲ್ ಕ್ಷ ಇದನ್ನು ಬಿಡಿಸಿದ ಬಗೆ ಅಭ್ಯಾಸಯೋಗ್ಯವಾಗಿದೆ. ಪಡುವಣ ಗೋಡೆಗೆ ಕಿಟಕಿ ಇಟ್ಟು, ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿ, ಅದರ ಮೇಲೆ ಎರಡು ಪದರದ ಪರದೆ ಎಳೆದು, ಪಕ್ಕದ ಗೋಡೆಯ ತುಂಬ ಸ್ವಿಟ್ಜರ್ಲೆಂಡಿನ ಬೆಟ್ಟದ ವಾಲ್‌ಪೇಪರ್ ಹಚ್ಚಲಾಗಿದೆ. ಆಡಿ ತಿಂಗಳಲ್ಲಿ ಕಣಿವೆಗೆ ನುಗ್ಗುವ ಗಾಳಿಯನ್ನು ನಂಬಿ ತೇನಿಯ ಸುತ್ತ ಗಾಳಿಯಂತ್ರಗಳ ತೋಪೇ ಎದ್ದಿದೆ. ಆ ಗಾಳಿಯಿಂದ ಹುಟ್ಟಿದ ಕರೆಂಟು ತಂತಿಯ ಮೂಲಕ ಹೋಟೆಲಿಗೆ ಬಂದು ಏಸಿಯನ್ನು ಓಡಿಸುತ್ತದೆ. ಗಾಳಿಗೆ ಕಿಟಕಿಯಿಂದ ಪ್ರವೇಶವಿಲ್ಲ. ಮೀಟರಿನ ಮೂಲಕ ಬಂದರೆ ಅಡ್ಡಿಯಿಲ್ಲ.

ಕಂಬಂನಿಂದ ಸುರುಳಿ ಜಲಪಾತಕ್ಕೆ ಹತ್ತು ಕಿಲೋಮೀಟರಿನ ಆಸುಪಾಸು. ಅದು ಮಳೆಯನ್ನು ನೆಚ್ಚಿಕೊಂಡ ಜಲಪಾತ, ಅದಕ್ಕೆ ಶಿಸ್ತಿಲ್ಲ. ಲಾಬಿಯ ಜಲಪಾತ ಫೈಬರಿನ ಬಂಡೆಯ ಮೇಲಿಂದ, ಅರ್ಧ ಎಚ್‌ಪಿ ಮೋಟರಿನ ಅಪ್ಪಣೆಯಂತೆ, ಬೆಳಿಗ್ಗೆ ಒಂಬತ್ತಕ್ಕೆ ಹುಟ್ಟಿ ರಾತ್ರಿ ಹತ್ತಕ್ಕೆ ಸಾಯುತ್ತದೆ. ಮದುವೆ ಇದ್ದ ದಿನ ಬಣ್ಣವನ್ನೂ ಬದಲಿಸುತ್ತದೆ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿಗಳ ಚಪ್ಪರಗಳಲ್ಲಿ ವರ್ಷವಿಡೀ ತೂಗುವ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ರಿಸೆಪ್ಶನ್ ಮೇಜಿನ ಮೇಲೆ ಬೆತ್ತದ ಬುಟ್ಟಿಯಲ್ಲಿ ದ್ರಾಕ್ಷಿ ಇದೆ, ಪ್ಲಾಸ್ಟಿಕ್ಕಿನದು, ಹಸಿರು ಬಣ್ಣದ್ದು. ಪನ್ನೀರು ದ್ರಾಕ್ಷಿ ಕಪ್ಪು ಎಂಬ ಆಕ್ಷೇಪವನ್ನು ವಿನ್ಯಾಸಕಾರರು ಸೋಫಾದ ಬಣ್ಣವನ್ನು ತೋರಿಸಿ ತಳ್ಳಿಹಾಕಿದರು. ಬೋಡಿನಾಯಕನೂರು ಏಲಕ್ಕಿ ಹರಾಜಿನ ಊರು. ಲಾರಿಯಿಂದ ಮೂಟೆ ಇಳಿಸುವಾಗ ಬೀದಿಗೆ ಬೀದಿಯೇ ಘಮಗುಟ್ಟುತ್ತದೆ. ಹೋಟೆಲ್ ಕ್ಷದ ಹವೆಯಲ್ಲಿ ಲ್ಯಾವೆಂಡರ್ ಇದೆ, ಗೋಡೆಗೆ ಸಿಕ್ಕಿಸಿದ ಡಬ್ಬಿ ಆಗಾಗ ‘ಪುಸ್’ ಎಂದು ಉಗುಳುತ್ತದೆ.

ಇನ್ನು ಸಂಗೀತ. ಇಳಯರಾಜ 1943ರಲ್ಲಿ ಹುಟ್ಟಿದ್ದು ಈ ಹೆದ್ದಾರಿಯಿಂದ ದೂರವಲ್ಲದ ಪಣ್ಣೈಪುರಂನಲ್ಲಿ. ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಆತ ಕೊಟ್ಟ ಹಾಡುಗಳಿಂದ ನಲವತ್ತು ವರ್ಷವಾದರೂ ಕನ್ನಡಿಗರ ಕಿವಿ ಬಿಡಿಸಿಕೊಂಡಿಲ್ಲ. ಆ ಮನುಷ್ಯ ಹುಟ್ಟಿದ ಕಣಿವೆಯ ಲಾಬಿಯಲ್ಲಿ ಕೇಳುವುದು ಯಾವ ದೇಶಕ್ಕೂ ಸೇರದ ಒಂದು ಕೊಳಲು. ಅದು ರಾಗವೂ ಅಲ್ಲ, ಮೌನವೂ ಅಲ್ಲ. ನೀರಸವಾಗಿರುವುದೇ ಅದಕ್ಕೆ ವಹಿಸಿದ ಕೆಲಸ. ಅಡಿಗೆಮನೆಯ ಬಾಗಿಲು ತೆರೆದಾಗಲೆಲ್ಲ ಒಳಗಿನ ಮೊಬೈಲಿನಿಂದ ಇಳಯರಾಜರ ಹಾಡು ಸೋರುತ್ತದೆ. ಈ ಸೋರಿಕೆಗೆ ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸುವ ಪ್ರಸ್ತಾಪ ಪರಿಶೀಲನೆಯಲ್ಲಿದೆ.

ಸೂತ್ರ: ಕೂರಲು ಬಾರದ್ದು ಸೋಫಾ.

ಡೆನ್ಮಾರ್ಕಿನ ಆರ್ನೆ ಯಾಕೊಬ್ಸೆನ್ ಕೋಪನ್‌ಹೇಗನ್ನಿನ ಒಂದು ದೊಡ್ಡ ಹೋಟೆಲಿಗೆ ಕಟ್ಟಡದಿಂದ ಹಿಡಿದು ಚಮಚದವರೆಗೆ ತಾನೇ ರೂಪ ಕೊಟ್ಟ. ಹೋಟೆಲು 1960ರಲ್ಲಿ ಬಾಗಿಲು ತೆರೆಯಿತು. ಅದರ ಲಾಬಿಗೆಂದೇ ಮಾಡಿದ ಮೊಟ್ಟೆಯಾಕಾರದ ಕುರ್ಚಿ ಜಗತ್ಪ್ರಸಿದ್ಧ. ಅದರ ವಂಶವೃಕ್ಷ ಹಿಡಿದು ಇಳಿಯುತ್ತ ಬಂದರೆ, ಬಹಳ ಕೆಳಗೆ, ಹೋಟೆಲ್ ಕ್ಷದ ಲಾಬಿಯಲ್ಲಿ ರೆಕ್ಸಿನ್ ಹೊದ್ದ ಕಿತ್ತಳೆ ಬಣ್ಣದ ಒಂದು ಮೊಟ್ಟೆ ಸಿಗುತ್ತದೆ. ಪಂಚೆ ಉಟ್ಟವರು ಅದರೊಳಗೆ ಇಳಿಯಬಹುದು. ಎದ್ದು ಬರುವಾಗ ಪಂಚೆಯೂ ಜೊತೆಗೆ ಬರುವುದೆಂಬ ಭರವಸೆ ಇಲ್ಲ. ಪಕ್ಕದ ಬಿಳಿ ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ, ಹೋಟೆಲಿನ ಒಡೆಯರಾದ ಮುದಲಾಳಿಯವರು ಅದನ್ನು ತೆಗೆಯಲು ಒಳ್ಳೆಯ ಮುಹೂರ್ತ ಕಾಯುತ್ತಿದ್ದಾರೆ. ಹೀಗಾಗಿ ಲಾಬಿಯ ಆಸನಗಳು ಸದಾ ಖಾಲಿ. ಜನ ಎಲ್ಲಿ ಕೂರುತ್ತಾರೆ? ಪೋರ್ಟಿಕೋದ ಮೆಟ್ಟಿಲ ಮೇಲೆ. ಡ್ರೈವರುಗಳು, ಮಕ್ಕಳಿಗೆ ಬಿಸ್ಕತ್ತು ತಿನ್ನಿಸುವ ಅಜ್ಜಿಯರು, ಸಂಬಂಧ ಕುದುರಿಸುವ ಗಂಡಿನ ಕಡೆಯವರು, ಒಮ್ಮೊಮ್ಮೆ ಸ್ವತಃ ಮುದಲಾಳಿ, ಎಲ್ಲರೂ ಅಲ್ಲೇ. ಆ ಮೆಟ್ಟಿಲಿಗೆ ವಿನ್ಯಾಸಕಾರರ ನಕ್ಷೆಯಲ್ಲಿ ಹೆಸರೂ ಇಲ್ಲ.

ಸೂತ್ರ: ಎತ್ತರ ಇರುವುದು ತಲೆ ಎತ್ತಲಿಕ್ಕೆ.

1967ರಲ್ಲಿ ಅಟ್ಲಾಂಟಾ ನಗರದ ಹೋಟೆಲೊಂದರ ಹೊಟ್ಟೆಯೊಳಗೆ ಜಾನ್ ಪೋರ್ಟ್‌ಮನ್ ಇಪ್ಪತ್ತೆರಡು ಮಹಡಿಯ ಬಯಲು ಬಿಟ್ಟು ಜಗತ್ತಿನ ಹೋಟೆಲಿನವರನ್ನೆಲ್ಲ ಕೆಡಿಸಿದ. ಹೋಟೆಲ್ ಕ್ಷದಲ್ಲಿ ಬಯಲು ಎರಡೇ ಮಹಡಿಯದು, ಆದರೆ ತೂಗುದೀಪ ಇಪ್ಪತ್ತೆರಡು ಮಹಡಿಗೆ ಅಳತೆ ಕೊಟ್ಟು ತರಿಸಿದ್ದು. ಅದನ್ನು ಒರೆಸುವಷ್ಟು ಉದ್ದದ ಏಣಿ ಊರಲ್ಲಿಲ್ಲ. (ಎತ್ತರದ ಬಗ್ಗೆ ಈ ಸೀಮೆಯವರಿಗೆ ಕೊಂಚ ಅಳುಕೂ ಇರಬೇಕು. ಇದೇ ದಿಂಡಿಗಲ್ ಜಿಲ್ಲೆಗೆ ಸೇರಿದ ಕೊಡೈಕೆನಾಲಿನ ಒಂದು ಹೋಟೆಲಿನ ಹೆಚ್ಚುವರಿ ಮಹಡಿಗಳ ತಕರಾರು 1995ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹತ್ತಿತ್ತು. ಕಾನೂನಿನ ಕಣ್ಣಿಗೆ ಇಲ್ಲದ ಮಹಡಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆ ಎಂಬುದು ಪ್ರತ್ಯೇಕ ಗ್ರಂಥಕ್ಕೆ ವಸ್ತು.)

ಸೂತ್ರ: ಸ್ನಾನದ ಕೋಣೆಗೆ ಗಾಜಿನ ಗೋಡೆ.

ಲಜ್ಜೆಯಿಂದ ಭಾಷ್ಯ ಬರೆದಿಲ್ಲ.

ಸೂತ್ರ: ಕೈತೊಳೆಯುವ ಜಾಗ ಕಾಣತಕ್ಕದ್ದಲ್ಲ.

ಇಲ್ಲಿ ಭಾಷ್ಯಕಾರ ತುಸು ನಿಲ್ಲಬೇಕು. ದಕ್ಷಿಣದೇಶದ ಹೋಟೆಲಿನ ಒಳಾಂಗಣಕ್ಕೆ ಕೈತೊಳೆಯುವ ತೊಟ್ಟಿಯೇ ಮೇರುಪರ್ವತ. ಬೆಂಚು, ಗಲ್ಲಾ, ಅಡಿಗೆಮನೆ ಎಲ್ಲ ಅದರ ಸುತ್ತ ಹಬ್ಬಿದ ದ್ವೀಪಗಳು. ಹಳೆಯ ಹೋಟೆಲಿನಲ್ಲಿ ಬಾಗಿಲು ದಾಟಿದವನಿಗೆ ಮೊದಲು ಕಾಣುವುದು ನಲ್ಲಿಗಳ ಸಾಲು, ಅದರ ಮೇಲೆ ಒಂದು ಕನ್ನಡಿ, ಕನ್ನಡಿಯಲ್ಲಿ ತಲೆ ಬಾಚುವ ಒಬ್ಬ. ಕೈ ತೊಳೆದು ಕೂತ, ಉಂಡ, ಎದ್ದು ಮತ್ತೆ ಅಲ್ಲಿಗೇ ಬಂದ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಹೋಟೆಲ್ ಕ್ಷದ ವಿನ್ಯಾಸಕಾರರಿಗೆ ಇದು ಅಸಹ್ಯ. ಅವರು ತೊಟ್ಟಿಯನ್ನು ಊಟದ ಹಾಲಿನಿಂದ ಕಿತ್ತು, ಒಂದು ಓಣಿಯ ಕೊನೆಗೆ, ಮಸುಕು ಗಾಜಿನ ಬಾಗಿಲ ಹಿಂದೆ ಇಟ್ಟರು. ಬಾಗಿಲ ಮೇಲೆ ಬರಹವಿಲ್ಲ. ಹಿತ್ತಾಳೆಯ ಒಂದು ಹನಿಯ ಚಿತ್ರ ಇದೆ. ಅದನ್ನು ಕೆಲವರು ದೀಪವೆಂದೂ ಕೆಲವರು ನಾಮವೆಂದೂ ತಿಳಿದರು.

ಫಲಿತಾಂಶವನ್ನು ಭಾನುವಾರ ಮಧ್ಯಾಹ್ನ ನೋಡಬೇಕು. ಜೀರಿಗೆ ಸಾಂಬಾ ಅಕ್ಕಿಯ ದಿಂಡಿಗಲ್ ಬಿರಿಯಾನಿಯನ್ನು ಕೈಯಲ್ಲೇ ಕಲಸಿ ಉಂಡ ಸಂಸಾರಗಳು, ಮೊಳಕೈಯಿಂದ ಬೆರಳತುದಿಯವರೆಗೆ ತುಪ್ಪ ಹೊಳೆಯುತ್ತಿರುವ ಬಲಗೈಯನ್ನು ಅಭಯಹಸ್ತದಂತೆ ಎತ್ತಿ ಹಿಡಿದು, ಎಡಗೈಯಲ್ಲಿ ಮಗು, ಸೆರಗು, ಮೊಬೈಲು ಸಂಭಾಳಿಸುತ್ತ ಲಾಬಿಯ ತುಂಬ ಅಲೆಯುತ್ತವೆ. ಒಬ್ಬರು ಮೀಟಿಂಗ್ ಹಾಲಿನ ಬಾಗಿಲನ್ನು ಭುಜದಿಂದ ನೂಕುತ್ತಾರೆ. ಒಳಗೆ ಯಾವುದೋ ಗೊಬ್ಬರ ಕಂಪನಿಯ ಸಭೆ. ಒಬ್ಬ ಹಿರಿಯರು ದಾರಿ ಕೇಳಿದ್ದಕ್ಕೆ ಸೂಟು ತೊಟ್ಟ ಹುಡುಗ ಎರಡು ಕೈ ಚಾಚಿ ವಿಮಾನದವರಂತೆ ದಿಕ್ಕು ತೋರಿಸುತ್ತಾನೆ. ಹಿರಿಯರು ಆ ದಿಕ್ಕಿಗೆ ನಡೆದು, ಫೈಬರ್ ಬಂಡೆಯ ಜಲಪಾತದ ಮುಂದೆ ನಿಂತು, ಸುತ್ತ ಒಮ್ಮೆ ನೋಡಿ, ನಿಶ್ಚಿಂತೆಯಿಂದ ಕೈ ತೊಳೆದು ಬಾಯಿ ಮುಕ್ಕಳಿಸುತ್ತಾರೆ. ಇಡೀ ಲಾಬಿಯಲ್ಲಿ ಇಟ್ಟ ಉದ್ದೇಶಕ್ಕಿಂತ ಉತ್ತಮ ಉದ್ದೇಶಕ್ಕೆ ಬಳಕೆಯಾದ ವಸ್ತು ಅದೊಂದೇ ಎಂದು ನನ್ನ ಅಭಿಪ್ರಾಯ.

ಸೂತ್ರ: ಬೀಗ ಕಾಣಬಾರದು, ಕೇಳಿಸಲೂಬಾರದು.

ದಿಂಡಿಗಲ್ಲಿನ ಕೈಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಮಾವಿನಕಾಯಿಯ ಆಕಾರದ ಬೀಗ, ತೆಗೆಯುವಾಗ ಗಂಟೆ ಹೊಡೆದು ಮನೆಮಂದಿಯನ್ನೆಲ್ಲ ಎಬ್ಬಿಸುವ ಬೀಗ, ಹೀಗೆ ಇಲ್ಲಿಯ ಕಮ್ಮಾರರು ಕಬ್ಬಿಣಕ್ಕೆ ಬುದ್ಧಿ ಕಲಿಸಿದ್ದರು. ಹೋಟೆಲ್ ಕ್ಷದ ಕೋಣೆಗೆ ಇರುವುದು ಪ್ಲಾಸ್ಟಿಕ್ ಕಾರ್ಡು. ಮೊದಲ ಸಲ ಕೆಂಪು ದೀಪ, ಎರಡನೆಯ ಸಲವೂ ಕೆಂಪು, ಮೂರನೆಯ ಸಲ ರೂಂಬಾಯ್ ಬಂದು ಅಂಗಿಗೆ ಒರೆಸಿ ಹಾಕಿದರೆ ಹಸಿರು. ಒಳಗೆ ಹೋಗಿ ಅದೇ ಕಾರ್ಡನ್ನು ಗೋಡೆಯ ಸೀಳಿಗೆ ಸಿಕ್ಕಿಸಿದರೆ ಮಾತ್ರ ದೀಪ, ಫ್ಯಾನು. ಆಚೆ ಹೋಗುವಾಗ ಕಿತ್ತರೆ ಒಳಗೆ ಮಲಗಿದ ಹೆಂಡತಿ ಕತ್ತಲಲ್ಲಿ. “ಸಾರ್, ಈ ಹಳೇ ಬಸ್ ಪಾಸ್ ಸಿಕ್ಕಿಸಿಬಿಡಿ, ಎಲ್ಲ ಉರಿಯುತ್ತೆ” ಎಂದು ರೂಂಬಾಯ್ ಕಿವಿಯಲ್ಲಿ ಹೇಳುವ ಗುಪ್ತವಿದ್ಯೆಯನ್ನು ಸಂಪ್ರದಾಯದ ಮರ್ಯಾದೆಗಾಗಿ ಇಲ್ಲಿ ವಿವರಿಸುವುದಿಲ್ಲ.

ಸೂತ್ರ: ಗೋಡೆ ಬರಿದಾಗಿರಲಿ.

ಈ ಸೂತ್ರವನ್ನು ವಿನ್ಯಾಸಕಾರರು ಬರೆದರು, ಮುದಲಾಳಿ ತಿದ್ದಿದರು. ಹೆಬ್ಬಾಗಿಲ ನೆತ್ತಿಯ ಮೇಲೆ ಮೊದಲ ವಾರವೇ ಬೂದುಗುಂಬಳ ತೂಗಿತು; ಅದರ ಕೆಳಗೆ ನಿಂಬೆ, ಮೆಣಸಿನಕಾಯಿ; ಲಿಫ್ಟಿನ ಎದುರಿಗೆ ಕಣ್‌ದೃಷ್ಟಿ ಗಣಪತಿ. ರಿಸೆಪ್ಶನ್ನಿನ ಹಿಂದೆ ಹಾಕಲು ವಿನ್ಯಾಸಕಾರರು ತಂದ ನವ್ಯಚಿತ್ರ ಕೆಳಗಿಳಿದು ಆ ಜಾಗಕ್ಕೆ ಪೆನ್ನಿಕ್ವಿಕ್ ದೊರೆಯ ಪಟ ಏರಿತು. ಇದು ವಾದಕ್ಕೆ ಎಡೆಯಿಲ್ಲದ ವಿಷಯ. ಪಡುವಣಕ್ಕೆ ಹರಿದು ಹೋಗುತ್ತಿದ್ದ ಪೆರಿಯಾರಿಗೆ ಅಣೆಕಟ್ಟು ಕಟ್ಟಿ, ಸುರಂಗ ಕೊರೆದು, 1895ರಲ್ಲಿ ಈ ಕಣಿವೆಗೆ ನೀರು ತಿರುಗಿಸಿದ ಎಂಜಿನಿಯರ್ ಆತ. ಲೋಯರ್ ಕ್ಯಾಂಪಿನಲ್ಲಿ ಅವನಿಗೆ ಮಣಿಮಂಟಪವಿದೆ, ತೇನಿಯ ಬಸ್ ನಿಲ್ದಾಣಕ್ಕೆ ಅವನ ಹೆಸರಿದೆ, ಜನವರಿ 15ರ ಅವನ ಹುಟ್ಟುಹಬ್ಬಕ್ಕೆ ಪೊಂಗಲ್ ಉಕ್ಕುತ್ತದೆ. ಪಟ ಹಳೆಯ ಶೈಲಿಯದು, ಥೀಮಿಗೆ ಹೊಂದುವುದಿಲ್ಲ ಎಂದು ವಿನ್ಯಾಸಕಾರರು ಗೊಣಗಿದಾಗ ಮುದಲಾಳಿ ಸಿಟ್ಟಾಗಲಿಲ್ಲ. “ತಂಬಿ, ಆ ಜಲಪಾತಕ್ಕೆ ನೀರು ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೀರಿ?” ಎಂದರಂತೆ. ಊರನ್ನು ಬಾಗಿಲಲ್ಲೇ ಬಿಡಬೇಕೆಂಬ ಮಹಾಸೂತ್ರಕ್ಕೆ ಇದೊಂದೇ ಅಪವಾದ, ಆ ಅಪವಾದದ ಕೆಳಗೆ ದಿನಾ ಹೂವಿನ ಹಾರವೂ ಬೀಳುತ್ತದೆ. ಪಟದ ಎಡಬಲಕ್ಕೆ ಮಾತ್ರ ವಿನ್ಯಾಸಕಾರರು ಹಟ ಹಿಡಿದು ಒಂದು ನಿಲುವು ತೋಟ ಹಬ್ಬಿಸಿದ್ದಾರೆ: ನೆಲದಿಂದ ಸೀಲಿಂಗಿನವರೆಗೆ ಪ್ಲಾಸ್ಟಿಕ್ ಹುಲ್ಲು.

ಇನ್ನು ಸಿದ್ಧಾಂತ. ಲಾಬಿಯಲ್ಲಿ ಯಾವ ಆಸನ, ಯಾವ ಮೂಲೆ ನಿಜಕ್ಕೂ ಒಪ್ಪುತ್ತದೆ ಎಂಬುದನ್ನು ಗೊತ್ತುಮಾಡಲು ದೂರದ ಕನ್ಸಲ್ಟೆಂಟ್ ಬೇಕಾಗಿಲ್ಲ, ಕಂಬಂನಲ್ಲೇ ಕ್ರಮವಿದೆ. ಅಲ್ಲಿಯ ಕನ್ನಡ ಒಕ್ಕಲಿಗರ ದೇವರ ದನದ ಮಂದೆಯನ್ನು ತಮಿಳರು ತಂಬಿರಾನ್ ಮಾಡು ಎನ್ನುತ್ತಾರೆ. 1906ರ ಮಧುರಾ ಜಿಲ್ಲಾ ಗೆಜೆಟಿಯರಿನಲ್ಲಿ ಅದರ ಕನ್ನಡ ಹೆಸರೂ ದಾಖಲಾಗಿದೆ: ದೇವರ ಆವು. ಮಂದೆಯ ಒಡೆಯನಾದ ಪಟ್ಟದ ಹೋರಿ ಸತ್ತರೆ ಒಳ್ಳೆಯ ದಿನ ನೋಡಿ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಅರಿಶಿನ ಕುಂಕುಮ, ಹಾರ, ಪಟ್ಟ. ಕಮಿಟಿ ಇಲ್ಲ, ಪವರ್‌ಪಾಯಿಂಟ್ ಇಲ್ಲ. ಇದೇ ಕ್ರಮದಲ್ಲಿ ಲಾಬಿಯ ನಾನಾ ಕಡೆ ಕಬ್ಬು ಇಟ್ಟು ಒಂದು ಯೋಗ್ಯ ಹೋರಿಯನ್ನು ಒಳಬಿಟ್ಟರೆ, ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ಆಸನ, ಎಲ್ಲಿಂದ ಮುಖ ತಿರುಗಿಸುತ್ತದೋ ಅಲ್ಲಿಯದೆಲ್ಲ ಕಿತ್ತೊಗೆಯತಕ್ಕದ್ದು ಎಂಬುದು ನನ್ನ ಪ್ರಸ್ತಾವ.

ಇದನ್ನು ಮುದಲಾಳಿಯವರ ಮುಂದೆ, ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತು ಮಂಡಿಸಿದೆ. ಅವರು ತಾಂಬೂಲ ಒಂದು ದವಡೆಗೆ ಸರಿಸಿ, ಅದು ಆಗಲೇ ಆಗಿದೆ ಎಂದರು. ಗೃಹಪ್ರವೇಶದ ದಿನ ಬೆಳಗಿನ ಜಾವ ಶಾಸ್ತ್ರಕ್ಕೆಂದು ಹಸುಕರುಗಳನ್ನು ಒಳಗೆ ಕರೆಸಿದ್ದರಂತೆ. ಟೈಲ್ಸಿನ ಮೇಲೆ ಗೊರಸು ಜಾರದಿರಲೆಂದು ಗೋಣಿತಾಟು ಹಾಸಿದ್ದರು. ಹಸು ಮೊಟ್ಟೆಕುರ್ಚಿಯನ್ನು ತಿರುಗಿ ನೋಡಲಿಲ್ಲ, ತೂಗುದೀಪಕ್ಕೆ ತಲೆ ಎತ್ತಲಿಲ್ಲ. ನೆಟ್ಟಗೆ ನಿಲುವು ತೋಟಕ್ಕೆ ಹೋಗಿ ಬಾಯಿ ತುಂಬ ಎಳೆದುಕೊಂಡು, ಎರಡು ಸಲ ಅಗಿದು, ಪುರೋಹಿತರ ಕಾಲ ಬಳಿ ಉಗುಳಿತು. ವಿನ್ಯಾಸಕಾರರ ಕೊನೆಯ ಬಿಲ್ಲಿನಲ್ಲಿ ‘ಹಸಿರು ಗೋಡೆ ರಿಪೇರಿ, ಎರಡು ಚದರಡಿ’ ಎಂಬ ಬಾಬ್ತು ಇದೆ. ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿದ್ದನ್ನು ಮುದಲಾಳಿ ಇನ್ನೂ ಒಪ್ಪಿಲ್ಲ.