'ಎಂಡಿ' ಅಂದರೆ ಯಾವುದು, ತಮ್ಮಾ?

ಪ್ರೀತಿಯ ತಮ್ಮ,

"ವೀಕೆಂಡಿಗೆ ಒಂದಿಷ್ಟು ಎಂಡಿ, ಅಷ್ಟೇ ಅಕ್ಕಾ. ಇದಕ್ಕೆಲ್ಲ ಯಾರಾದ್ರೂ ಅಡಿಕ್ಟ್ ಆಗ್ತಾರಾ?" ಅಂತ ನೀನು ಕೇಳಿದೆ. ನಾನು ಬೈದು ಫೋನ್ ಇಟ್ಟೆ. ಬೈಗುಳ ಉತ್ತರವಲ್ಲ ಅನ್ನುವುದು ಆಮೇಲೆ ಹೊಳೆಯಿತು. ನಿನ್ನಂತೆ ಕೇಳುವ ಹುಡುಗರು ಬೇರೆ ಪಿಜಿ ಕೋಣೆಗಳಲ್ಲೂ ಇದ್ದಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನೀನು ಹೇಳುವ ಎಂಡಿ ಯಾವುದು? ಮುಂಬೈಯಲ್ಲಿ ಆ ಹೆಸರಿಗೆ ಮೆಫೆಡ್ರೋನ್ ಕೊಡುತ್ತಾರೆ, 'ಮ್ಯಾವ್ ಮ್ಯಾವ್' ಅಂತಲೂ ಕರೆಯುತ್ತಾರೆ. ಕೆಲವರು ಎಂಡಿಎಂಎಯನ್ನೇ ಮೊಟಕುಮಾಡಿ ಎಂಡಿ ಅನ್ನುತ್ತಾರೆ. ಎರಡೂ ಬೇರೆ ಬೇರೆ. ಎಂಡಿಎಂಎ 1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯಲ್ಲಿ ತಯಾರಾದದ್ದು. ಮಿದುಳಿನಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಹೊರಗೆ ಸುರಿಸುತ್ತದೆ. ಅಮಲು ಮೂರರಿಂದ ಆರು ಗಂಟೆ, ಆಮೇಲೆ ಕೆಲವರಿಗೆ ಎರಡು ಮೂರು ದಿನ ಮಂಕು. ಜನ ಕಿಕ್ಕಿರಿದ ಸೆಕೆಯ ಹಾಲ್‌ನಲ್ಲಿ ಕುಣಿಯುತ್ತಿದ್ದರೆ ಮೈ ಕಾದು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಂತ ಮಿತಿಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ, ಅದೂ ಅಪಾಯವೇ.

ಮೆಫೆಡ್ರೋನ್ ಬೇರೆ ಕುಲದ್ದು. ಯೆಮೆನ್, ಇಥಿಯೋಪಿಯಾದ ಜನ ಜಗಿಯುವ 'ಖಾತ್' ಎಲೆಯಲ್ಲಿರುವ ಕ್ಯಾಥಿನೋನ್‌ಗೆ ಇದು ಲ್ಯಾಬಿನಲ್ಲಿ ಹುಟ್ಟಿದ ದಾಯಾದಿ. ಮೂಗಿಗೆಳೆದರೆ ಬೇಗ ಏರಿ ಬೇಗ ಇಳಿಯುತ್ತದೆ. ಇಳಿದ ಕೂಡಲೇ ಕೈ ಮತ್ತೆ ಪ್ಯಾಕೆಟ್ಟಿಗೆ ಹೋಗುತ್ತದೆ, ಎಷ್ಟೋ ಸಲ ಅದು ಖಾಲಿಯಾಗುವ ತನಕ. ನಮ್ಮ ದೇಶದಲ್ಲಿ 2015ರಲ್ಲಿ ಇದನ್ನು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿದರು.

ಚಟದ ಗುಟ್ಟು ಇರುವುದು ಈ ಏರಿಳಿತದಲ್ಲಿ. ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳಿಂದ ಕೋಕಾ ಎಲೆ ಜಗಿಯುತ್ತ ಬಂದಿದ್ದಾರೆ. ಅದೇ ಎಲೆಯ ಕೊಕೇನನ್ನು ಪುಡಿಯಾಗಿ ಮೂಗಿಗೆಳೆದರೆ ನಿಮಿಷಗಳಲ್ಲಿ, ಕ್ರ್ಯಾಕ್ ಮಾಡಿ ಸೇದಿದರೆ ಸೆಕೆಂಡುಗಳಲ್ಲಿ ಮಿದುಳು ತಲುಪುತ್ತದೆ. ತಲುಪುವ ವೇಗ ಹೆಚ್ಚಿದಷ್ಟೂ ಹಿಡಿತ ಬಿಗಿ. ಮಿದುಳಿನ ಇನ್ನೊಂದು ರಾಸಾಯನಿಕವಾದ ಡೋಪಮೈನ್ ವಾಪಸಾಗುವ ಬಾಗಿಲನ್ನು ಕೊಕೇನ್ ಮುಚ್ಚುತ್ತದೆ, ಅಮಲು ಒಂದು ಗಂಟೆಯೊಳಗೆ ಮುಗಿಯುತ್ತದೆ. 'ಕ್ರಿಸ್ಟಲ್' ಅನ್ನುವ ಮೆಥಾಂಫೆಟಮೈನ್ ಬಾಗಿಲು ಮುಚ್ಚುವುದರ ಜೊತೆಗೆ ಒಳಗಿನ ದಾಸ್ತಾನನ್ನೂ ಹೊರಗೆ ತಳ್ಳುತ್ತದೆ. ಸುಮಾರು ಹತ್ತು ಗಂಟೆ ಕಳೆದರೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ನಿದ್ದೆ, ಊಟ ಎರಡೂ ಹೋಗಿ, ಯಾರೋ ಬೆನ್ನುಹತ್ತಿದ್ದಾರೆ ಅನ್ನುವ ಭಯ ಶುರುವಾಗುವುದು ಹೀಗೆ.

ಇವೆಲ್ಲ ಪುಡಿಯಾಗಿ ಕೈಗೆ ಬಂದಾಗ ಕಣ್ಣಿಗೆ ಒಂದೇ. ಮೂಸಿ, ನಾಲಿಗೆಗೆ ಹಚ್ಚಿ ಗುರುತಿಸುತ್ತೇನೆ ಅನ್ನುವವನನ್ನು ದಯವಿಟ್ಟು ನಂಬಬೇಡ. ಒಳಗೇನಿದೆ ಅಂತ ಖಚಿತವಾಗಿ ಹೇಳುವುದು ಪ್ರಯೋಗಾಲಯ ಮಾತ್ರ.

ಜಾಣರಿಗೆ ಹೀಗಾಗುವುದಿಲ್ಲ ಅಂದುಕೊಂಡಿದ್ದೀಯಾ? 1884ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೊಕೇನನ್ನು ಹೊಗಳಿ ಪ್ರಬಂಧ ಬರೆದ. ಮಾರ್ಫಿನ್ ಚಟ ಬಿಡಿಸಲೆಂದು ತನ್ನ ಗೆಳೆಯ, ವೈದ್ಯ ಫ್ಲೈಶ್ಲ್ ಮಾರ್ಕ್ಸೋಗೆ ಅದನ್ನೇ ಸೂಚಿಸಿದ. ಗೆಳೆಯನಿಗೆ ಕೊಕೇನಿನ ಚಟವೂ ಹತ್ತಿತು. 1891ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ ತೀರಿಕೊಂಡ.

ನಿನ್ನ ಪ್ರಶ್ನೆಗೆ ಉತ್ತರ: ಹೌದು, ಆಗುತ್ತಾರೆ. ಎಲ್ಲರೂ ಅಲ್ಲ, ಆದರೆ ಯಾರು ಅಂತ ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಶನಿವಾರದ್ದು ಗುರುವಾರಕ್ಕೆ ಬಂದಿದೆಯಾ? ಮೊದಲಿನಷ್ಟು ಸಾಲುತ್ತಿಲ್ಲವಾ? ನಿನಗೆ ನೀನೇ ಕೇಳಿಕೋ. ಹೆರಾಯಿನ್ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಇವೆ. ಈ ಉತ್ತೇಜಕಗಳ ಚಟಕ್ಕೆ ಅಂಥ ಮಾನ್ಯತೆ ಪಡೆದ ಔಷಧವಿಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ, ಅದಕ್ಕೆ ಬೇಗ ಹೋದಷ್ಟೂ ಒಳ್ಳೆಯದು.

ಗೆಳೆಯರಲ್ಲಿ ಯಾರಿಗಾದರೂ ಎದೆನೋವು ಬಂದರೆ, ಮೈ ಕೆಂಡವಾದರೆ ಆಸ್ಪತ್ರೆಗೆ ಕರೆದೊಯ್ಯಿ, ತೆಗೆದುಕೊಂಡದ್ದನ್ನು ವೈದ್ಯರಿಗೆ ಮುಚ್ಚಿಡಬೇಡ. ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. 14446 ಸಹಾಯವಾಣಿಗೆ ಕರೆ ಉಚಿತ. ಅದಕ್ಕೂ ಧೈರ್ಯ ಬಾರದಿದ್ದರೆ ನನಗೇ ಫೋನ್ ಮಾಡು. ಈ ಸಲ ಬೈಯುವುದಿಲ್ಲ.

ನಿನ್ನ ಅಕ್ಕ